ಗಂಟಿನ ಮೇಲಿಟ್ಟ ಕೈ

ಆಲಿಸಿರಿ, ಬಂಧುಗಳೇ. ಕೈಯಲ್ಲಿರುವ ಕೆಲಸವನ್ನು ಒಂದಿಷ್ಟು ಹೊತ್ತು ಬದಿಗಿಟ್ಟು ಆಲಿಸಿರಿ. ದೊಡ್ಡವರ ಚರಿತ್ರೆಯನ್ನು ಹೇಳುವುದಕ್ಕೆ ಬಹಳ ಮಂದಿ ಇದ್ದಾರೆ. ಇದು ಒಬ್ಬ ಸಾಮಾನ್ಯ ಫೋಟೋಗ್ರಾಫರನ ಬದುಕಿನ ತುಣುಕು. ಕಂಡದ್ದಕ್ಕೆಲ್ಲ ಹೇಸುತ್ತಿದ್ದ ಮನುಷ್ಯ, ನಿಜವಾಗಿ ಹೇಸಬೇಕಾದ ಜಾಗವನ್ನು ಕಡೆಗೆ ಕಂಡುಕೊಂಡ ಬಗೆ. ಕೇಳುವಾಗ ನಡುನಡುವೆ ನಿಮಗೂ ವಾಕರಿಕೆ ಬಂದೀತು. ಬರಲಿ. ಹೇಸಿಗೆಯೂ ದೇವರೇ ನಮಗೆ ಕೊಟ್ಟದ್ದು. ಅದನ್ನು ಎತ್ತ ತಿರುಗಿಸಬೇಕೆಂಬುದನ್ನು ಮಾತ್ರ ಆತ ನಮ್ಮ ವಿವೇಕಕ್ಕೆ ಬಿಟ್ಟಿದ್ದಾನೆ.

ಈ ಮನುಷ್ಯ ಇಪ್ಪತ್ತೆರಡು ವರ್ಷ ಬೀದಿಬದಿಯ ಸ್ಟುಡಿಯೋದಲ್ಲಿ ಗುರುತಿನ ಚೀಟಿಗೆ ಬೇಕಾಗುವ ಫೋಟೋಗಳನ್ನು ತೆಗೆದವನು. ಒಂದು ನೀಲಿ ಪರದೆ, ಒಂದು ತಿರುಗುವ ಸ್ಟೂಲು, ಕನ್ನಡಿಯ ಪಕ್ಕದಲ್ಲಿ ದಾರ ಕಟ್ಟಿ ತೂಗುಹಾಕಿದ ಒಂದು ಬಾಚಣಿಗೆ. ಬಂದವರೆಲ್ಲ ಆ ಒಂದೇ ಬಾಚಣಿಗೆಯಿಂದ ತಲೆ ಬಾಚಿಕೊಳ್ಳುವರು. ಅದರ ಹಲ್ಲುಗಳ ಸಂದಿಯಲ್ಲಿ ಯಾರ್ಯಾರದೋ ತಲೆಯ ಎಣ್ಣೆ, ಹೊಟ್ಟು ಕರ್ರಗೆ ಮೆತ್ತಿಕೊಂಡಿರುವುದು. ಸಂಜೆ ಸೂಜಿಯ ಮೊನೆಯಿಂದ ಅದನ್ನು ಕೆರೆದು ತೆಗೆಯುವ ಭಾಗ್ಯ ಅವನದೇ. “ಗಲ್ಲ ಎತ್ತಿ. ಸ್ವಲ್ಪ ಎಡಕ್ಕೆ. ನಗಬೇಡಿ. ಹಾಗೇ ಇರಿ.” ದಿನಕ್ಕೆ ಅರವತ್ತು ಸಲ ಇದೇ ಮಾತು. ಜೀವಂತ ಮನುಷ್ಯರು ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಅವನ ಮಾತು ಮುಗಿಯುವ ಹೊತ್ತಿಗೆ ಪೊಲೀಸರು ಹುಡುಕುತ್ತಿರುವ ಕಳ್ಳರಂತಾಗಿ ಕಾಗದದ ಮೇಲೆ ಇಳಿಯುತ್ತಿದ್ದರು.

ಒಂದು ದಿನ ಅವನಿಗೆ ಸಾಕೆನಿಸಿತು. ಸ್ಟುಡಿಯೋದ ಕೌಂಟರನ್ನೂ ಪ್ರಿಂಟ್ ಹಾಕುವ ಯಂತ್ರವನ್ನೂ ಹೆಂಡತಿಗೆ ಒಪ್ಪಿಸಿ, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಬಿದ್ದ. ಹೊರಡುವ ಮುನ್ನ ದೇವರ ಮುಂದೆ ನಿಂತು ಒಂದು ಮಾತು ಕೊಟ್ಟ: ಇನ್ನು ಮುಂದೆ ಯಾರನ್ನೂ ನಿಲ್ಲು ಎನ್ನುವುದಿಲ್ಲ, ಕೂರು ಎನ್ನುವುದಿಲ್ಲ, ಇತ್ತ ನೋಡು ಎನ್ನುವುದಿಲ್ಲ, ನಡೆದದ್ದನ್ನು ನಡೆದಂತೆಯೇ ತೆಗೆಯುತ್ತೇನೆ. ಹಾಗೆಯೇ ತೆಗೆದ ಕೂಡ. ಬಟ್ಟೆ ಒಗೆಯುವವರು, ಸರಕು ಇಳಿಸುವವರು, ಆಸ್ಪತ್ರೆಯ ಮೊಗಸಾಲೆಯಲ್ಲಿ ಕಾಯುವವರು. ನಾಲ್ಕೈದು ವರ್ಷದಲ್ಲಿ, ಯಾರಿಗೂ ನಿಲ್ಲೆನ್ನದ ಫೋಟೋಗ್ರಾಫರನೆಂದು ಅವನಿಗೆ ಸಣ್ಣದೊಂದು ಹೆಸರು ಬಂತು. ಆ ಹೆಸರನ್ನು ಅವನು ಒಳಗೊಳಗೇ ಬಹಳ ಮುದ್ದಿನಿಂದ ಸಾಕಿಕೊಂಡ.

ಆ ಹೆಸರೇ ಅವನನ್ನು ಗೋಡೆ ಹತ್ತುವ ಕ್ರೀಡೆಯ ಹಾಲಿಗೆ ಕರೆದುಕೊಂಡು ಹೋಯಿತು.

ಹಳೆಯ ಗೋದಾಮು ಅದು. ಒಳಗೆ ಮೂರಂತಸ್ತಿನ ಎತ್ತರದ ಕೃತಕ ಗೋಡೆಗಳು, ಗೋಡೆಯ ತುಂಬ ಬಣ್ಣಬಣ್ಣದ ಹಿಡಿಕೆಗಳು. ಹತ್ತುವವರು ಸೊಂಟಕ್ಕೆ ಪಟ್ಟಿ ಬಿಗಿದು ಅದಕ್ಕೆ ಹಗ್ಗ ಕಟ್ಟಿಕೊಳ್ಳುತ್ತಾರೆ. ಹಗ್ಗ ಮೇಲಿನ ಕೊಂಡಿಯನ್ನು ಬಳಸಿ ಕೆಳಗಿಳಿದು, ನೆಲದ ಮೇಲೆ ನಿಂತ ಇನ್ನೊಬ್ಬರ ಕೈ ಸೇರುತ್ತದೆ. ಮೇಲಿದ್ದವರ ಪ್ರಾಣ ಕೆಳಗಿದ್ದವರ ಕೈಯಲ್ಲಿ. ಹಾಲಿನ ಯಜಮಾನರು ಅವನನ್ನು ಕರೆಸಿ, “ತುದಿ ಮುಟ್ಟಿದವರ ಫೋಟೋ ಎಲ್ರೂ ತೆಗೀತಾರೆ ಸಾರ್. ನೀವು ಯಾರೂ ನೋಡದೆ ಇರೋದನ್ನ ತೆಗೀರಿ. ಆರು ತಿಂಗಳು ತೆಗೀರಿ, ಆಮೇಲೆ ಇಲ್ಲೇ ದೊಡ್ಡ ಪ್ರದರ್ಶನ ಇಡೋಣ” ಎಂದರು.

ಮೊದಲ ದಿನ ಬಾಗಿಲು ತೆರೆದೊಡನೆ ವಾಸನೆ ಅವನ ಮುಖಕ್ಕೆ ರಾಚಿತು. ಬರಿಗಾಲಿಗೆ ತೊಡುವ, ಬೆರಳುಗಳನ್ನು ಮಡಚಿ ಹಿಂಡುವ ರಬ್ಬರ್ ಬೂಟುಗಳು ಅಲ್ಲಿ ಸಾಲಾಗಿದ್ದವು. ಬಾಡಿಗೆಗೆ ಕೊಡುವವು, ಒಬ್ಬರ ಬೆವರು ಆರುವ ಮೊದಲೇ ಇನ್ನೊಬ್ಬರ ಕಾಲು ಒಳಗಿಳಿಯುತ್ತಿತ್ತು. ಆ ಬೂಟಿನಲ್ಲೇ ಶೌಚಕ್ಕೆ ಹೋಗುವರು, ಅದೇ ಬೂಟನ್ನು ಗೋಡೆಯ ಹಿಡಿಕೆಯ ಮೇಲೆ ಊರುವರು. ಅದೇ ಹಿಡಿಕೆಯನ್ನು ಹಿಂದೆ ಬಂದವರು ಕೈಯಿಂದ ಹಿಡಿದು, ಅದೇ ಕೈಯಿಂದ ಹಗ್ಗ ಎಳೆದು, ಕೈ ಸಾಲದಾದಾಗ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವರು! ಕೈ ಜಾರದಿರಲೆಂದು ಹಚ್ಚುವ ಬಿಳಿ ಪುಡಿ ಬೆವರಿನೊಂದಿಗೆ ಕಲಸಿ, ಮೂಗಿಗಿಳಿದು, ಮೂಗು ಬುಳುಬುಳು ಸುರಿಯುವುದು. ಅದನ್ನು ತೋಳಿನಿಂದ ಒರೆಸುವರು. ಅಂಗೈಯ ಬೊಕ್ಕೆ ಹರಿದರೆ ಸತ್ತ ಚರ್ಮವನ್ನು ಉಗುರುಕತ್ತರಿಯಿಂದ ಕತ್ತರಿಸಿ ಬೆಂಚಿನ ಕೆಳಗೆ ಉದುರಿಸುವರು. ಛೀಮಾಮ ಎನ್ನುವ ಅಡ್ಡಹೆಸರು ಅವನಿಗೆ ಬಿದ್ದದ್ದು ಹೀಗೆ: ಒಂದೊಂದು ಫೋಟೋಕ್ಕೂ ಮುಂಚೆ ಅವನ ಬಾಯಿಂದ ತಾನೇ ತಾನಾಗಿ ಒಂದು “ಛೀ” ಹೊರಡುತ್ತಿತ್ತು.

“ಮಾಮಾ, ಮೂಗನ್ನ ಮನೇಲಿಟ್ಟು ಬನ್ನಿ. ಇಲ್ಲಿ ಕಣ್ಣೊಂದಿದ್ರೆ ಸಾಕು” ಎಂದು ನಗುತ್ತಿದ್ದವಳು ಹಗ್ಗದಕ್ಕ.

ಆಕೆಯ ಕೆಲಸವೇ ಹಗ್ಗ ಹಿಡಿಯುವುದು ಮತ್ತು ಹೊಸಬರಿಗೆ ಕಲಿಸುವುದು. ಹನ್ನೊಂದು ವರ್ಷದ ಕೆಲಸ. ಅಂಗೈಗಳು ಸವೆದ ಚರ್ಮದ ಚಪ್ಪಲಿಯಂತೆ ನುಣುಪಾಗಿದ್ದವು. ನಾಲ್ಕಾಳಿನಷ್ಟು ಗಟ್ಟಿಯಾದ ದನಿ, ಬೆಳೆದ ಇಬ್ಬರು ಹೆಣ್ಣುಮಕ್ಕಳು, ಯಾರ ಮುಲಾಜಿಗೂ ಬೀಳದ ನಾಲಿಗೆ. ಆ ಹನ್ನೊಂದು ವರ್ಷದಲ್ಲಿ ಅವಳ ಹಗ್ಗದಿಂದ ಒಬ್ಬರೂ ಬಿದ್ದಿರಲಿಲ್ಲ. ಏಕೆಂದರೆ ಆಕೆ ಎರಡು ನೇಮಗಳನ್ನು ಪೂಜೆಯಂತೆ ಪಾಲಿಸುತ್ತಿದ್ದಳು. ಹತ್ತುವವರು ಗಂಟು ಕಟ್ಟಿಕೊಳ್ಳುವಾಗ ಯಾರೂ ಅವರನ್ನು ಮಾತಾಡಿಸಕೂಡದು, ಇದು ಮೊದಲನೆಯದು. ಆ ಗಂಟು ಎರಡು ಹಂತದ್ದು: ಮೊದಲು ಹಗ್ಗದಲ್ಲಿ ಎಂಟರ ಆಕಾರ ಮಾಡಿ, ತುದಿಯನ್ನು ಸೊಂಟದ ಪಟ್ಟಿಯೊಳಗೆ ತೂರಿಸಿ, ಆಮೇಲೆ ಬಂದ ದಾರಿಯಲ್ಲೇ ಆ ತುದಿಯನ್ನು ಹಿಂದಕ್ಕೆ ಹೆಣೆಯಬೇಕು. ನಡುವೆ ಯಾರಾದರೂ ಕರೆದರೆ ಕೈ ಅರ್ಧಕ್ಕೇ ನಿಂತು, ಮನಸ್ಸು ಪೂರ್ತಿಯಾಯಿತೆಂದು ನಂಬಿಬಿಡುತ್ತದೆ. ಎರಡನೆಯ ನೇಮ, ನೆಲ ಬಿಡುವ ಮುನ್ನ ಹಗ್ಗ ಹಿಡಿಯುವವರು ಗಂಟನ್ನು ಕಣ್ಣಿಂದ ನೋಡಿ, ಕೈಯಿಂದ ಮೂರು ಬಾರಿ ಜಗ್ಗಿ, “ಗಂಟು?” ಎಂದು ಕೇಳಬೇಕು, “ಸರಿ” ಎಂಬ ಉತ್ತರ ಬರಬೇಕು.

ಛೀಮಾಮನ ಆಸೆಗಣ್ಣು ನೆಟ್ಟಿದ್ದು ಆ ಕ್ಷಣದ ಮೇಲೆಯೇ. ಒಂದು ಕೈ ಇನ್ನೊಬ್ಬರ ಗಂಟಿನ ಮೇಲೆ! ಇಡೀ ಹಾಲಿನ ಕೊಳಕಿನ ನಡುವೆ ಅವನಿಗೆ ಹೇಸಿಗೆ ಹುಟ್ಟಿಸದ ಒಂದೇ ಒಂದು ಸಂಗತಿ ಅದು. ಆದರೆ ಐದೂವರೆ ತಿಂಗಳಾದರೂ ಅದು ಅವನ ಕ್ಯಾಮೆರಾಕ್ಕೆ ದಕ್ಕಿರಲಿಲ್ಲ. ಯಾರದೋ ಬೆನ್ನು ಅಡ್ಡ, ಯಾರದೋ ಕೂದಲು ಅಡ್ಡ, ಬೆಳಕಿದ್ದರೆ ಮುಖವಿಲ್ಲ, ಮುಖವಿದ್ದರೆ ಬೆಳಕಿಲ್ಲ. ಪ್ರದರ್ಶನಕ್ಕೆ ಹತ್ತು ದಿನ ಉಳಿದಿತ್ತು. ಯಜಮಾನರು ಬಾಗಿಲಲ್ಲಿ ಹಾಕುವ ದೊಡ್ಡ ಚಿತ್ರ ಎಲ್ಲಿ ಎಂದು ದಿನವೂ ಕೇಳುತ್ತಿದ್ದರು.

ಗುರುವಾರ ಬೆಳಗ್ಗೆ ಹನ್ನೊಂದರ ಹೊತ್ತು. ಎತ್ತರದ ಕಿಟಕಿಯಿಂದ ಬಿಸಿಲು ಓರೆಯಾಗಿ ಇಳಿದು, ಗಾಳಿಯಲ್ಲಿ ತೇಲುವ ಬಿಳಿ ಪುಡಿಯನ್ನು ಬೆಳ್ಳಿಯಂತೆ ಹೊಳೆಯಿಸುತ್ತಿತ್ತು. ಶಿಶುವಿಹಾರದ ಟೀಚರೊಬ್ಬಳು, ಗೋಡೆಗೆ ಅಂಟಿಕೊಳ್ಳುವ ಪರಿಯಿಂದಾಗಿ ಎಲ್ಲರ ಬಾಯಲ್ಲೂ ಹಲ್ಲಿ ಟೀಚರ್ ಆಗಿದ್ದವಳು, ಆ ಬಿಸಿಲಿನ ನಡುವೆಯೇ ನಿಂತು ಗಂಟು ಕಟ್ಟುತ್ತಿದ್ದಳು. ಎಂಟರ ಆಕಾರ ಮುಗಿದಿತ್ತು. ತುದಿ ಪಟ್ಟಿಯೊಳಗೆ ಆಗಷ್ಟೇ ತೂರಿತ್ತು. ಹಗ್ಗದಕ್ಕ ಎರಡು ಹೆಜ್ಜೆ ದೂರದಲ್ಲಿದ್ದಳು. ಬೆನ್ನು ಅಡ್ಡವಿಲ್ಲ, ಕೂದಲು ಅಡ್ಡವಿಲ್ಲ, ಬೆಳಕೂ ಇದೆ, ಮುಖವೂ ಇದೆ. ಛೀಮಾಮನ ಗಂಟಲಲ್ಲಿ ಇಪ್ಪತ್ತೆರಡು ವರ್ಷದ ಸ್ಟುಡಿಯೋ ಒಮ್ಮೆಗೇ ಎದ್ದು ಕೂತಿತು.

“ಟೀಚರ್, ಹಾಗೇ ಇರಿ!” ಕ್ಲಿಕ್.

ಅವಳು ತುದಿಯನ್ನು ಬಿಟ್ಟು ತಲೆಯೆತ್ತಿ ನಕ್ಕಳು. ಮತ್ತೊಂದು ಕ್ಲಿಕ್. “ಏನ್ ಮಾಮಾ, ನೀವೂ ಪೋಸ್ ಕೊಡಿಸ್ತೀರಾ? ಸೂರ್ಯ ಯಾವ ಕಡೆ ಹುಟ್ಟಿದಾನೆ ಇವತ್ತು?”

“ಒಂದೇ ಒಂದು. ಅಕ್ಕಾ, ಬನ್ನಿ, ಕೈ ಗಂಟಿನ ಮೇಲಿಡಿ. ಇಬ್ರೂ ಇತ್ತ ನೋಡಿ.”

“ನನ್ ಮುಖ ಬಿದ್ರೆ ನಿಮ್ ಕ್ಯಾಮೆರಾ ಒಡೀತದೆ” ಎನ್ನುತ್ತ ಅಕ್ಕ ಬಂದು ಕೈಯಿಟ್ಟಳು. ರೂಢಿಯಂತೆ ಜಗ್ಗಲು ಹೋದಳು.

“ಕೈ ಅಲ್ಲಾಡಿಸಬೇಡಿ ಅಕ್ಕ, ಚಿತ್ರ ಅಲುಗುತ್ತೆ. ಹಾಂ. ಮಾತಾಡ್ತಾ ಇರಿ, ದಿನಾ ಆಡೋ ಹಾಗೆ.”

“ಗಂಟು?” ಎಂದಳು ಅಕ್ಕ, ಲೆನ್ಸನ್ನು ನೋಡುತ್ತ.

“ಸರಿ” ಎಂದಳು ಟೀಚರ್, ಲೆನ್ಸನ್ನು ನೋಡುತ್ತ.

ಕ್ಲಿಕ್. ಎಷ್ಟು ಸುಂದರವಾದ ಚಿತ್ರವೆಂದು ಅವನ ಎದೆ ಹಿಗ್ಗಿತು. ಮಾತು ಆಡಿಯಾಗಿತ್ತು, ಕೈ ಇಟ್ಟಾಗಿತ್ತು. ಪರೀಕ್ಷೆ ಮುಗಿಯಿತೆಂದು ಇಬ್ಬರ ಮನಸ್ಸೂ ನಂಬಿತು. ಚಿತ್ರಕ್ಕಾಗಿ ಮಾಡಿದ್ದನ್ನು ನಿಜಕ್ಕೆ ಮಾಡಿದ್ದೆಂದು ಭ್ರಮಿಸಿದರು. ಟೀಚರ್ ಗೋಡೆ ಹಿಡಿದು ಸರಸರನೆ ಏರಿದಳು. ಎರಡಾಳೆತ್ತರದಲ್ಲಿ ದಣಿವಾರಿಸಿಕೊಳ್ಳಲು ಕೈಬಿಟ್ಟು ಹಗ್ಗದ ಮೇಲೆ ಭಾರ ಹಾಕಿದಳು. ಹೆಣೆಯದ ತುದಿ ಪಟ್ಟಿಯಿಂದ ನುಣ್ಣಗೆ ಜಾರಿ ಹೊರಬಂತು. ಒದ್ದೆ ಮೂಟೆ ಬಿದ್ದಂಥ ಸದ್ದು.

ಪ್ರಾಣ ಉಳಿಯಿತು, ಅದು ದೇವರ ದಯೆ ಮತ್ತು ನೆಲದ ಮೆತ್ತೆಯ ದಪ್ಪ. ಬಲಗಾಲಿನ ಹರಡು ಎರಡು ಕಡೆ ಮುರಿದಿತ್ತು, ಮಣಿಕಟ್ಟು ಒಂದು ಕಡೆ. ಆಂಬುಲೆನ್ಸ್ ಹೊರಟುಹೋದ ಮೇಲೆ ಹಗ್ಗದಕ್ಕ ಖಾಲಿ ಹಗ್ಗದ ತುದಿಯನ್ನು ಕೈಯಲ್ಲಿ ಹಿಡಿದುಕೊಂಡು ಗೋಡೆಯ ಬುಡದಲ್ಲೇ ಕೂತಿದ್ದಳು. ಛೀಮಾಮ ಹತ್ತಿರ ಹೋಗಲಿಲ್ಲ. ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಜಿಪ್ ಎಳೆದ.

ಶುಕ್ರವಾರ ಯಜಮಾನರು ತಮ್ಮ ಕೋಣೆಗೆ ಕರೆದರು. ಅಲ್ಲಿ ಬೂಟಿನ ವಾಸನೆಯಿರಲಿಲ್ಲ. ನಿಂಬೆಯ ಪರಿಮಳದ ಒದ್ದೆ ಕಾಗದದಿಂದ ಅವರು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದರು.

“ಸೋಮವಾರ ಸುರಕ್ಷತಾ ಸಮಿತಿ ಬರುತ್ತೆ. ಹಗ್ಗದಕ್ಕ ಗಂಟು ನೋಡಲಿಲ್ಲ ಅನ್ನೋದಕ್ಕೆ ಫೋಟೋ ಇದ್ಯಂತಲ್ಲ?”

“ಇದೆ.” ಕ್ಯಾಮೆರಾದ ತೆರೆಯಲ್ಲಿ ಮೂರು ಚಿತ್ರಗಳನ್ನು ತೋರಿಸಿದ.

“ಕೊನೇದು ಒಂದು ಸಾಕು. ಕೈ ಗಂಟಿನ ಮೇಲೆ, ಕಣ್ಣು ಎಲ್ಲೋ. ಇದಕ್ಕಿಂತ ಸಾಕ್ಷಿ ಬೇಕಾ? ಹಗ್ಗ ಹಿಡಿಯೋಕೆ ಕೊಟ್ಟಿರೋ ಆಕೆ ಸರ್ಟಿಫಿಕೇಟ್ ರದ್ದಾಗುತ್ತೆ, ಅಷ್ಟೆ. ಮಿಕ್ಕಿದ್ದು ಅಳಿಸಿಬಿಡಿ.” ಇನ್ನೊಂದು ಕಾಗದ ಎಳೆದು ಅವನ ಮುಂದೆ ಚಾಚಿದರು. “ತಗೊಳ್ಳಿ, ಕೈ ಒರೆಸಿಕೊಳ್ಳಿ. ನಿಮ್ಮ ಪ್ರದರ್ಶನಕ್ಕೆ ಏನೂ ತೊಂದರೆ ಇಲ್ಲ. ಯಾರಿಗೂ ಏನೂ ಹೇಳಿಕೊಡದೆ ತೆಗೆಯೋರು ನೀವು ಅಂತ ಆಮಂತ್ರಣದಲ್ಲೇ ಅಚ್ಚಾಗಿದೆ.”

ಅವನು ಆ ಕಾಗದವನ್ನು ತೆಗೆದುಕೊಂಡ. ಬಂಧುಗಳೇ, ತೆಗೆದುಕೊಂಡು ಕೈಯನ್ನೂ ಒರೆಸಿಕೊಂಡ. ಹೊರಗೆ ಬಂದರೂ ಆ ನಿಂಬೆಯ ವಾಸನೆ ಅವನ ಬೆರಳುಗಳನ್ನು ಬಿಡಲಿಲ್ಲ. ಆರು ತಿಂಗಳು ಮೂಗು ಮುಚ್ಚಿಕೊಂಡು ಓಡಾಡಿದ ಹಾಲಿನಲ್ಲಿ ಒಮ್ಮೆಯೂ ಆಗದಿದ್ದ ವಾಂತಿ, ಆ ಶುಭ್ರವಾದ ಕೋಣೆಯ ಹೊರಗಿನ ನಲ್ಲಿಯ ಬಳಿ ಆಯಿತು.

ಆದರೂ ಅಳಿಸುವುದಿಲ್ಲ, ಕೊಡುವುದೂ ಇಲ್ಲ, ಸುಮ್ಮನಿದ್ದುಬಿಡುತ್ತೇನೆ ಎಂದುಕೊಂಡ. ಸುಮ್ಮನಿರುವುದು ಪಾಪವಲ್ಲವೆಂದು ಮನುಷ್ಯ ತನಗೆ ತಾನೇ ಎಷ್ಟು ಇಂಪಾಗಿ ಹೇಳಿಕೊಳ್ಳಬಲ್ಲ!

ಶನಿವಾರ ಹೆಂಡತಿ ಪ್ರದರ್ಶನದ ಚಿತ್ರಗಳನ್ನು ಅಚ್ಚು ಹಾಕುತ್ತಿದ್ದಳು. ಸುಲಿದ ಅಂಗೈ, ಪುಡಿ ಮೆತ್ತಿದ ಮೂಗು, ಬೆಂಚಿನ ಕೆಳಗಿನ ಚರ್ಮದ ಚೂರು, ಒಂದೊಂದಾಗಿ ಯಂತ್ರದಿಂದ ಜಾರುತ್ತಿದ್ದವು. ಗುರುವಾರದ ಮೂರು ಚಿತ್ರಗಳೂ ಬಂದವು. ಅವಳು ಮೂರನ್ನೂ ಅಕ್ಕಪಕ್ಕ ಇಟ್ಟು ಕನ್ನಡಕ ಏರಿಸಿದಳು.

“ರೀ, ಇಲ್ಲಿ ಬನ್ನಿ. ಇವರಿಬ್ರೂ ಯಾರನ್ನ ನೋಡ್ತಿದಾರೆ?”

“ಯಾರನ್ನೂ ಇಲ್ಲ.”

“ನಿಮ್ಮನ್ನ ನೋಡ್ತಿದಾರೆ. ಇಪ್ಪತ್ತೆರಡು ವರ್ಷ ನಿಮ್ಮ ಪಕ್ಕದಲ್ಲಿ ಕೂತು ಫೋಟೋ ಕತ್ತರಿಸಿದೀನಿ ನಾನು. ನೀವು ‘ಹಾಗೇ ಇರಿ’ ಅಂದಾಗ ಜನ ಯಾವ ಮುಖ ಮಾಡ್ತಾರೆ ಅಂತ ನನಗೆ ಗೊತ್ತಿಲ್ವಾ? ಇದು ಆ ಮುಖ.”

“ನಿನಗೆಲ್ಲಾ ಗೊತ್ತು, ದೊಡ್ಡ ಪಂಡಿತೆ.”

“ಪಂಡಿತೆ ಅಲ್ಲ, ಕಣ್ಣಿದೆ. ಮೊದಲನೇದ್ರಲ್ಲಿ ಹಗ್ಗದ ತುದಿ ಟೀಚರ್ ಬೆರಳಲ್ಲಿದೆ. ಎರಡನೇದ್ರಲ್ಲಿ ಬೆರಳು ಬಿಟ್ಟಿದೆ, ಬಾಯಿ ನಗ್ತಿದೆ. ಮೂರನೇದ್ರಲ್ಲಿ ತುದಿ ಅಕ್ಕನ ಮುಷ್ಟಿಯ ಕೆಳಗೆ ನೇತಾಡ್ತಿದೆ. ಆ ಅಕ್ಕನ ಕೆಲಸ ಹೋಗುತ್ತೆ ಅಂದ್ರಲ್ಲ, ಇದನ್ನ ಸಮಿತಿಯವರಿಗೆ ತೋರಿಸ್ತೀರಾ?”

ಅವನು ಉಳಿದ ಚಿತ್ರಗಳನ್ನು ಎತ್ತಿ ಜೋಡಿಸತೊಡಗಿದ. ಅವಳು ಮೂರು ಚಿತ್ರಗಳನ್ನು ಒಂದು ಲಕೋಟೆಗೆ ಹಾಕಿ ಅವನ ಊಟದ ತಟ್ಟೆಯ ಪಕ್ಕದಲ್ಲಿಟ್ಟಳು. ಅವನು ತಟ್ಟೆ ಸರಿಸಿ ಎದ್ದ.

ಭಾನುವಾರ ಮಧ್ಯಾಹ್ನ ಅವನು ಹಗ್ಗದಕ್ಕನ ಮನೆಗೆ ಹೋದ. ಯಾಕೆ ಹೋದನೆಂಬುದನ್ನು ಮುಚ್ಚಿಡುವುದು ಬೇಡ: ಆಕೆ ತನ್ನನ್ನು ಬೈಯಲೆಂದು ಹೋದ. ನಿನ್ನಿಂದಲೇ ಆಯಿತು ಎಂದು ಆಕೆ ಕಿರುಚಿದರೆ, ಹನ್ನೊಂದು ವರ್ಷದ ಅನುಭವದವಳು ನೀನು ನೋಡಬೇಡವೇ ಎಂದು ತಿರುಗಿ ಕೂಗಬಹುದು, ಕೂಗಿ ಹಗುರಾಗಬಹುದು. ಅಂಥ ಲೆಕ್ಕಾಚಾರ.

ಆಕೆ ಬೈಯಲಿಲ್ಲ. ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು.

“ತಪ್ಪು ನಂದೇ ಮಾಮ. ಜಗ್ಗಿ ನೋಡಬೇಕಿತ್ತು. ಜಗ್ಗಲಿಲ್ಲ.”

“ಅಕ್ಕ, ನಾನು ಅವತ್ತು...”

“ನೀವು ಫೋಟೋ ತೆಗೆಯೋರು, ಏನಾದ್ರೂ ಹೇಳ್ತೀರಿ. ಕೇಳಬಾರದಿತ್ತು ನಾನು.” ಮಡಚಿದ ಅಂಗಿಯನ್ನು ಬಿಡಿಸಿ ಮತ್ತೆ ಮಡಚಿದಳು. “ಸಂಬಳ ಹೋದ್ರೆ ಇನ್ನೊಂದು ಕಡೆ ದುಡೀಬಹುದು. ಹೊಲಿಗೆ ಬರುತ್ತೆ ನಂಗೆ. ಆದ್ರೆ ಈ ಕೈನ ಇನ್ನು ಯಾರೂ ನಂಬಲ್ಲ. ಸಮಿತಿಯವರು ಬರೆದ್ರೆ, ಬರೆದ್ರು. ನಿನ್ನೆ ದೊಡ್ಡ ಮಗಳು ಮಗೂನ ಎತ್ಕೊಳ್ಳೋಕೆ ಕೊಟ್ಳು. ನಾನೇ ಬೇಡ ಅಂದೆ.”

ಛೀಮಾಮ ಆ ಮೆಟ್ಟಿಲಿನಿಂದ ಎದ್ದು ಬರುವಾಗ ತನ್ನ ಮೈಯ ವಾಸನೆ ತನಗೇ ಬಡಿದಂತಾಯಿತು. ಬೆವರಿನದಲ್ಲ, ಬೂಟಿನದಲ್ಲ. ಮನೆಗೆ ಬಂದು ಎರಡು ಬಾರಿ ಸ್ನಾನ ಮಾಡಿದ. ಹೋಗಲಿಲ್ಲ. ಕನ್ನಡಿಯಲ್ಲಿ ಮುಖ ನೋಡಿಕೊಂಡು, ಆರು ತಿಂಗಳಿಂದ ಊರವರ ಮೂಗು, ಪಾದ, ಅಂಗೈಗಳಿಗೆ ಧಾರಾಳವಾಗಿ ಹಂಚಿದ್ದ ಅಸಹ್ಯವನ್ನೆಲ್ಲ ಒಟ್ಟಿಗೆ ತನ್ನ ಮೇಲೆ ಸುರಿದುಕೊಂಡ. ಥೂ, ಎಂದ. ಇನ್ನೊಬ್ಬಳ ಅಂಗೈಯ ಹಿಂದೆ ಅಡಗಿ ನಿಂತವನು ಅವನು. ಬೆಂಚಿನ ಕೆಳಗಿನ ಸತ್ತ ಚರ್ಮವನ್ನು ಪೊರಕೆಯಿಂದ ಗುಡಿಸಬಹುದು. ಇದನ್ನು ಗುಡಿಸುವ ಪೊರಕೆ ಬಾಯಿ ಒಂದೇ.

ಸೋಮವಾರ ಹತ್ತು ಗಂಟೆಗೆ ಸಮಿತಿ ಅದೇ ನಿಂಬೆ ವಾಸನೆಯ ಕೋಣೆಯಲ್ಲಿ ಕೂತಿತು: ಒಬ್ಬ ಇಂಜಿನಿಯರು, ಒಬ್ಬ ವೈದ್ಯೆ, ಹಿಂದೆ ಬೆಟ್ಟಗಳನ್ನು ಹತ್ತುತ್ತಿದ್ದ ನರೆಗೂದಲಿನ ಮುದುಕ. ಹಗ್ಗದಕ್ಕ ಬಾಗಿಲ ಪಕ್ಕದಲ್ಲಿ ನಿಂತಿದ್ದಳು. ಯಜಮಾನರು ಅಕ್ಕನ ನಿರ್ಲಕ್ಷ್ಯವನ್ನು ಬಹು ವಿಷಾದದ ದನಿಯಲ್ಲಿ ವಿವರಿಸಿ, “ಫೋಟೋ ಸಾಕ್ಷಿ ಇದೆ” ಎಂದು ಛೀಮಾಮನತ್ತ ಕೈ ತೋರಿದರು.

ಅವನು ಎದ್ದು ನಿಂತು ಮೂರು ಚಿತ್ರಗಳನ್ನು ಸಾಲಾಗಿ ಮೇಜಿನ ಮೇಲಿಟ್ಟ.

“ಸಾಕ್ಷಿ ಒಂದಲ್ಲ, ಮೂರು. ಟೀಚರ್ ಗಂಟು ಕಟ್ಟುವಾಗ ಹಾಗೇ ಇರಿ ಅಂತ ಕೂಗಿದವನು ನಾನು. ಈ ಅಕ್ಕನ್ನ ಕರೆದು ಕೈ ಇಡಿಸಿದವನು ನಾನು. ಆಕೆ ಜಗ್ಗೋಕೆ ಹೋದಾಗ ಅಲ್ಲಾಡಿಸಬೇಡಿ ಅಂದವನೂ ನಾನೇ. ಇತ್ತ ನೋಡಿ ಅಂದೆ, ನೋಡಿದ್ರು. ಇದ್ರಲ್ಲಿ ಕಾಣೋ ಕಣ್ಣು ನನ್ನ ಮಾತು ಕೇಳಿದ ಕಣ್ಣು.”

ಮುದುಕ ಮೂರನೆಯ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು, ನೇತಾಡುವ ತುದಿಯನ್ನು ಬೆರಳಿನಿಂದ ಮುಟ್ಟಿದ.

“ನೀವು ಯಾರಿಗೂ ಏನೂ ಹೇಳದೆ ತೆಗೆಯೋರು ಅಂತ ಇದೆ ಈ ಆಮಂತ್ರಣದಲ್ಲಿ.”

“ಸುಳ್ಳು. ಇದೊಂದೇ ಅಂತಲೂ ಹೇಳಲಾರೆ. ಇನ್ನೂ ಎರಡರಲ್ಲಿ ಸ್ವಲ್ಪ ಸರೀರಿ ಅಂದಿದೀನಿ. ಆ ಪ್ರದರ್ಶನ ಬೇಡ.”

“ಸಾರ್, ಇವರಿಗೆ ಆಘಾತವಾಗಿದೆ, ಏನೇನೋ ಮಾತಾಡ್ತಿದಾರೆ” ಎಂದರು ಯಜಮಾನರು.

“ಆಘಾತ ಆಗಿರೋದು ಆಸ್ಪತ್ರೇಲಿ ಇರೋಳಿಗೆ” ಎಂದಳು ವೈದ್ಯೆ. “ನೀವು ಕೂತ್ಕೊಳ್ಳಿ.”

ತೀರ್ಪು ಹೀಗಾಯಿತು: ಹಗ್ಗದಕ್ಕ ಜಗ್ಗದೆ ಬಿಟ್ಟದ್ದು ತಪ್ಪೇ, ಒಂದು ತಿಂಗಳು ಹೊಸದಾಗಿ ತರಬೇತಿ, ಸರ್ಟಿಫಿಕೇಟ್ ಉಳಿಯುತ್ತದೆ, ಕೆಲಸ ಉಳಿಯುತ್ತದೆ. ಗಂಟು ಕಟ್ಟುವ ಜಾಗಕ್ಕೆ ಕ್ಯಾಮೆರಾ ಹಿಡಿದು ಯಾರೂ ಕಾಲಿಡಕೂಡದು. ಫೋಟೋಗ್ರಾಫರನಿಗೆ ಹಾಲಿನ ಬಾಗಿಲು ಮುಚ್ಚಿತು. ಪ್ರದರ್ಶನವೂ ಹೋಯಿತು, ಹೆಸರೂ ಹೋಯಿತು. ಈಗ ಅವನು ಮತ್ತೆ ಆ ಬೀದಿಬದಿಯ ಸ್ಟುಡಿಯೋದಲ್ಲಿ, ನೀಲಿ ಪರದೆಯ ಮುಂದೆ ಇದ್ದಾನೆ. ಪ್ರತಿ ತಿಂಗಳ ಮೊದಲ ಭಾನುವಾರ ಟೀಚರನ್ನು ಕಾಲಿನ ವ್ಯಾಯಾಮಕ್ಕೆ ಕರೆದೊಯ್ಯುವ ಕೆಲಸವನ್ನು ಕೇಳಿ ವಹಿಸಿಕೊಂಡಿದ್ದಾನೆ. ಅವಳು ದಾರಿಯುದ್ದಕ್ಕೂ ಮಾತಾಡುವುದಿಲ್ಲ, ಅವನೂ ಮಾತಾಡಿಸುವುದಿಲ್ಲ.

ಆ ಸೋಮವಾರ ಸಮಿತಿಯ ಕೋಣೆಯಿಂದ ಹೊರಬಂದಾಗ ಅವನು ಅಕ್ಕನ ಮುಖದಲ್ಲಿ ಕೃತಜ್ಞತೆಯನ್ನು ಹುಡುಕಿದ. ಅದಿರಲಿಲ್ಲ. ಆಕೆ ಬೂಟಿನ ಕಪಾಟಿನ ಪಕ್ಕ ನಿಂತು, ಕೊಳೆತದ್ದೇನನ್ನೋ ತುಳಿದವಳಂತೆ ಅವನನ್ನು ನೋಡಿದಳು.

“ಗುರುವಾರದಿಂದ ಸೋಮವಾರ. ನಾಲ್ಕು ದಿನ ನಾನು ನನ್ನ ಮೊಮ್ಮಗೂನ ಮುಟ್ಟಲಿಲ್ಲ. ಇಷ್ಟು ಹೇಳೋಕೆ ನಾಲ್ಕು ದಿನ ಬೇಕಾಯ್ತಾ ನಿಮಗೆ?”

ಅವನು ತಲೆ ತಗ್ಗಿಸಿ ನಿಂತ. ಆಕೆ ಚೀಲ ಹೆಗಲಿಗೇರಿಸಿ ಮನೆಯ ದಾರಿ ಹಿಡಿದಳು, ನಡೆದಳೆನ್ನುವುದಕ್ಕಿಂತ ಓಡಿದಳು.

ಪ್ರಿಯ ಬಂಧುಗಳೇ, ನಿಮ್ಮ ಅಡುಗೆಮನೆಯಲ್ಲೋ ಆಫೀಸಿನಲ್ಲೋ ಕಾರ್ಖಾನೆಯಲ್ಲೋ, ನೀವು ಆಡಿದ ಒಂದು ಮಾತಿನ ಭಾರವನ್ನು ಈ ಹೊತ್ತು ಇನ್ನೊಬ್ಬರು ಹೊತ್ತು ನಿಂತಿರಬಹುದು. ಅವರು ನಿಮ್ಮನ್ನು ಬೈಯಲೆಂದು ಕಾಯಬೇಡಿ, ಒಳ್ಳೆಯವರು ಬೈಯುವುದಿಲ್ಲ. ಅವನು ಮಾಡಿದಂತೆ ನೀವೂ ಎದ್ದು ನಿಂತು, ಎಲ್ಲರೂ ಕೇಳುವಂತೆ, ಅದು ನಾನು ಎನ್ನಿ. ಆದರೆ ಅವನಷ್ಟು ತಡಮಾಡಬೇಡಿ. ಕೈಮುಗಿದು ಕೇಳುತ್ತೇನೆ, ಇವತ್ತೇ ಹೋಗಿ.